ಉಂಡ ಮನೆಯ ಜಂತೆ

ನಮ್ಮ ಮನೆಯ ಜಗಲಿಯಲ್ಲಿ ಎರಡು ಪಟಗಳಿದ್ದವು. ಒಂದು ಧರ್ಮಸ್ಥಳದ ಮಂಜುನಾಥಸ್ವಾಮಿಯದು. ಇನ್ನೊಂದು ಇಂದಿರಾ ಗಾಂಧಿಯವರದು. ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿದ ಆ ಚಿತ್ರಕ್ಕೆ ಅಪ್ಪ ಸಾಗರದ ಪೇಟೆಯಲ್ಲಿ ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ ತಂದಿದ್ದ. ಹಬ್ಬದ ದಿನ ಅವ್ವ ಮಂಜುನಾಥನಿಗೆ ಹೂ ಏರಿಸುವಾಗ ಒಂದು ಎಸಳು ಈ ಪಟಕ್ಕೂ ಸಿಗುತ್ತಿತ್ತು.

1979ರ ದೀಪಾವಳಿಗೆ ನಾನು ಶಿವಮೊಗ್ಗದ ಕಾಲೇಜಿನಿಂದ ಊರಿಗೆ ಬಂದೆ. ಅಷ್ಟು ಹೊತ್ತಿಗೆ ತುರ್ತು ಪರಿಸ್ಥಿತಿಯ ಬಗ್ಗೆ ಓದಿದ್ದೆ, ಜೈಲಿಗೆ ಹೋಗಿ ಬಂದವರ ಭಾಷಣ ಕೇಳಿದ್ದೆ. ಹದಿನೇಳು ವರ್ಷದ ರಕ್ತ. ಬಂದವನೇ ಅಪ್ಪನಿಗೆ ಹೇಳಿದೆ: "ಈ ಪಟ ತೆಗಿ ಅಪ್ಪ. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಣೆ ಇಲ್ಲದೆ ಒಳಗೆ ಹಾಕಿಸಿದವರು. ನಮ್ಮ ಮೇಷ್ಟ್ರನ್ನೂ ಬಿಡಲಿಲ್ಲ." ಅಪ್ಪ ಹಗ್ಗ ಹೊಸೆಯುತ್ತಿದ್ದ. ಕೈ ನಿಲ್ಲಿಸಿದ. ತಲೆ ಎತ್ತಿ ಪಟ ನೋಡಿದ, ನನ್ನನ್ನು ನೋಡಿದ.

"ಉಂಡ ಮನೆಯ ಜಂತೆ ಎಣಿಸಬಾರದು ಮಗ" ಅಂದ. ಮತ್ತೆ ಹಗ್ಗ ಹೊಸೆಯತೊಡಗಿದ.

ನನ್ನ ಅಪ್ಪ ಮೋಸಹೋದ ಮನುಷ್ಯ ಎಂದು ನಾನು ಅಂದು ತೀರ್ಮಾನಿಸಿದೆ. ಓದುಬರಹ ಬಾರದವರು, ಹೆದರಿದವರು, ದೊಡ್ಡವರ ಮಾತಿಗೆ ಮರುಳಾದವರು ಸರ್ವಾಧಿಕಾರವನ್ನು ಒಪ್ಪುತ್ತಾರೆ ಎಂಬ ವಿವರಣೆ ನನಗೆ ಆಗ ಸಾಕಾಗಿತ್ತು. ಅದು ತಪ್ಪು ಎಂದು ತಿಳಿಯಲು ನನಗೆ ಅರ್ಧ ಆಯುಸ್ಸು ಬೇಕಾಯಿತು. ಅಪ್ಪ ತೀರಿಕೊಂಡು ಇಪ್ಪತ್ತೈದು ವರ್ಷ ದಾಟಿದೆ. ಅವನೊಡನೆ ಮುಗಿಸದೆ ಬಿಟ್ಟ ಆ ಮಾತನ್ನು ಈಗಲಾದರೂ ಮುಗಿಸಬೇಕು ಅನಿಸುತ್ತಿದೆ.

*

ನಾವು ಗೇಣಿ ಒಕ್ಕಲು. ಉಳುವ ಗದ್ದೆ ಒಡೆಯರದು, ಮಲಗುವ ಮನೆಯೂ ಒಡೆಯರ ಜಾಗದಲ್ಲಿ. ಸುಗ್ಗಿಯಲ್ಲಿ ಒಕ್ಕಣೆ ಮುಗಿದ ಮೇಲೆ ಕಣಕ್ಕೆ ಒಡೆಯರ ಕಡೆಯ ಆಳು ಕೊಳಗ ಹಿಡಿದು ಬರುತ್ತಿದ್ದ. ಮೊದಲ ಅಳತೆ ಅವರದು, ಉಳಿದದ್ದು ನಮ್ಮದು. ಮಳೆಗಾಲದ ಕೊನೆಗೆ ನಮ್ಮ ಪಣತ ಬರಿದಾಗುತ್ತಿತ್ತು. ಆಗ ಅದೇ ಒಡೆಯರ ಅಂಗಳಕ್ಕೆ ಹೋಗಿ, ತಲೆಗೆ ಸುತ್ತಿದ ಪಂಚೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಮೆಟ್ಟಿಲ ಕೆಳಗೆ ನಿಂತು ಅಪ್ಪ ಭತ್ತ ಸಾಲ ಕೇಳುತ್ತಿದ್ದ. ಅವರು ಕೊಡುತ್ತಿದ್ದರು. ಕೆಟ್ಟವರಲ್ಲ. ಅವ್ವನ ಬಾಣಂತನಕ್ಕೆ ತುಪ್ಪ ಕಳಿಸಿದವರು ಅವರೇ, ಹರಿಗೆ ನೀರು ತಿರುಗಿಸಲಿಲ್ಲ ಎಂದು ಅಪ್ಪನ ಕೆನ್ನೆಗೆ ಹೊಡೆದವರೂ ಅವರೇ. ಹೊಡೆಯುವ ಕೈಯೂ ನೀಡುವ ಕೈಯೂ ಒಂದೇ ಎಂಬುದನ್ನು ನಾವು ನಡೆಯಲು ಕಲಿಯುವ ಮೊದಲೇ ಕಲಿತಿದ್ದೆವು.

ಆ ಮನೆಯ ಮಾಡು ಸೋರುತ್ತಿತ್ತು. ಜಂತೆಗಳಿಗೆ ಗೆದ್ದಲು ಹತ್ತಿ ಪುಡಿ ಉದುರಿ ಹಾಸಿಗೆಯ ಮೇಲೆ ಬೀಳುತ್ತಿತ್ತು. ಅಪ್ಪ ಮುಟ್ಟುತ್ತಿರಲಿಲ್ಲ. ಒಡೆಯರು ನಾಳೆ ಏಳು ಅಂದರೆ ಏಳಬೇಕಾದ ಮನೆಗೆ ಮರ ತಂದು ಹಾಕುವವರು ಯಾರು?

ಕಾಗೋಡು ನಮ್ಮೂರಿನಿಂದ ಎರಡು ಹರದಾರಿ. 1951ರಲ್ಲಿ ಅಲ್ಲಿನ ಒಕ್ಕಲುಗಳು ಒಡೆಯರ ಕೊಳಗದ ಅಳತೆಯ ಬಗ್ಗೆ ತಕರಾರು ತೆಗೆದರು. ಗಣಪತಿಯಪ್ಪನವರು ರೈತರನ್ನು ಕಟ್ಟಿದರು. ಗೋಪಾಲಗೌಡರಂಥ ಸಮಾಜವಾದಿ ಯುವಕರು ಬಂದರು. ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಮರುದಿನ ಇನ್ನೊಂದು ಸಾಲು ಇಳಿಯುವುದು. ಸುತ್ತಲಿನ ಊರುಗಳಿಂದ ಹೋಗಿ ಆ ಸಾಲಿನಲ್ಲಿ ನಿಂತವರಲ್ಲಿ ನನ್ನ ಅಜ್ಜನೂ ಒಬ್ಬ. ಹದಿನೈದು ದಿನ ಜೈಲಿನಲ್ಲಿದ್ದು ಬಂದ. ಮರುವರ್ಷ ನಮ್ಮ ಗೇಣಿ ಗದ್ದೆಯಲ್ಲಿ ನೀರಾಸರೆ ಇದ್ದ ಒಳ್ಳೆಯ ತುಂಡು ಬೇರೆ ಒಕ್ಕಲಿಗೆ ಹೋಯಿತು. ಆಗ ಅಪ್ಪನಿಗೆ ಹನ್ನೆರಡು ವರ್ಷ. ಕೂಗಿದವರ ಗದ್ದೆ ಹೋಗುತ್ತದೆ, ಸುಮ್ಮನಿದ್ದವರದು ಉಳಿಯುತ್ತದೆ ಎಂಬುದು ಅವನ ಎದೆಯಲ್ಲಿ ಊರಿಬಿಟ್ಟಿತು.

*

ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಸಮಾಜವಾದಿಗಳು. ಹುಡುಗನಾಗಿದ್ದಾಗ ಕಾಗೋಡಿನ ಸತ್ಯಾಗ್ರಹಿಗಳಿಗೆ ಅವಲಕ್ಕಿ ಮೂಟೆ ಹೊತ್ತವರು. ನಮ್ಮ ಅಜ್ಜನನ್ನು ಬಲ್ಲವರು. ಊರಿನಲ್ಲಿ ನನ್ನ ಅಪ್ಪನನ್ನು 'ನೀವು' ಎಂದು ಕರೆಯುತ್ತಿದ್ದ ಒಬ್ಬರೇ ಒಬ್ಬ ಓದಿದ ಮನುಷ್ಯರು ಅವರು.

ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ರದ್ದು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ತಾನು ಉಳುತ್ತಿದ್ದೇನೆ ಎಂದು 7ನೇ ನಂಬರಿನ ಫಾರಂ ತುಂಬಿ ಕೊಟ್ಟರೆ ಭೂನ್ಯಾಯ ಮಂಡಳಿ ವಿಚಾರಿಸಿ ಹಕ್ಕು ಕೊಡುತ್ತದೆ. ಉಳುವವನೇ ಹೊಲದೊಡೆಯ. ರಾಜ್ಯದಲ್ಲಿ ಎಂಟು ಲಕ್ಷದಷ್ಟು ಅರ್ಜಿಗಳು ಬಿದ್ದವು. ಅವುಗಳಲ್ಲಿ ನಮ್ಮದೂ ಒಂದು. ಅಪ್ಪ ಒಂದು ತಿಂಗಳು ಹಿಂದೆಮುಂದೆ ನೋಡಿದ. ಮೇಷ್ಟ್ರು ಮೂರು ಸಲ ಮನೆಗೆ ಬಂದರು. ಕೊನೆಗೆ ಒಂದು ರಾತ್ರಿ ನಮ್ಮ ಜಗಲಿಯಲ್ಲಿ ಕಂದೀಲಿನ ಬೆಳಕಿನಲ್ಲಿ ಕೂತು, ಸರ್ವೆ ನಂಬರು ಬರೆದು, ಎಷ್ಟು ವರ್ಷದಿಂದ ಗೇಣಿ ಎಂದು ಕೇಳಿ ಬರೆದು, ಅಪ್ಪನ ಹೆಬ್ಬೆಟ್ಟಿಗೆ ಮಸಿ ಹಚ್ಚಿದರು. ಅಪ್ಪನ ಕೈ ನಡುಗುತ್ತಿತ್ತು. ಮೇಷ್ಟ್ರು ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಕಾಗದದ ಮೇಲೆ ಒತ್ತಿದರು. ಕಂದೀಲು ಹಿಡಿದು ನಿಂತಿದ್ದವನು ನಾನು. ಆ ಹೆಬ್ಬೆಟ್ಟಿನ ಗುರುತಿನ ಒಂದು ಅಂಚು ಒರೆಸಿಹೋದಂತೆ ಬಿದ್ದಿತ್ತು ಎಂಬುದೂ ನನಗೆ ನೆನಪಿದೆ.

ಮುಂದಿನ ವರ್ಷ ಜೂನ್ 26. ಮಳೆ ಹಿಡಿದಿತ್ತು. ಗದ್ದೆಯಲ್ಲಿ ಹೂಟಿ. ಸಂಜೆ ಕಂಬಳಿಕೊಪ್ಪೆ ಹಾಕಿಕೊಂಡು ಅಪ್ಪನ ಜೊತೆ ಚಾದಂಗಡಿಗೆ ಹೋದಾಗ ರೇಡಿಯೋದ ಸುತ್ತ ಜನ. ದೇಶದಲ್ಲಿ ತುರ್ತು ಪರಿಸ್ಥಿತಿ ಬಂದಿದೆ, ಹೆದರುವ ಕಾರಣವಿಲ್ಲ ಎಂದು ಪ್ರಧಾನಿ ಬೆಳಿಗ್ಗೆಯೇ ಹೇಳಿದ್ದರಂತೆ. ನಮಗೆ ಹೆದರಿಕೆ ಆಗಲೂ ಇಲ್ಲ. ಮೂಲಭೂತ ಹಕ್ಕು, ಪತ್ರಿಕಾ ಸ್ವಾತಂತ್ರ್ಯ, ವಿಚಾರಣೆಯಿಲ್ಲದ ಬಂಧನ ಎಂಬ ಮಾತುಗಳೆಲ್ಲ ದೂರದ ಊರಿನ ಹೆಸರುಗಳಂತೆ ಕೇಳಿದವು. ನಮ್ಮ ಊರಿಗೆ ಪತ್ರಿಕೆ ಬರುತ್ತಿದ್ದದ್ದು ಒಡೆಯರ ಮನೆಗೆ ಮತ್ತು ಮೇಷ್ಟ್ರ ಮನೆಗೆ ಮಾತ್ರ. ಸಭೆ ಸೇರುವ ಹಕ್ಕು ಹೋಯಿತು ಎಂದರೆ, ಒಡೆಯರ ಅಂಗಳದಲ್ಲಿ ಸಭೆ ಸೇರಿ ಮಾತಾಡಿದವನು ಯಾವ ಒಕ್ಕಲು? ಕೈಯಲ್ಲಿ ಇದ್ದದ್ದನ್ನು ಕಿತ್ತುಕೊಂಡರೆ ತಾನೆ ನೋವು? ನಮ್ಮ ಕೈಗೆ ಅದು ಇನ್ನೂ ಬಂದೇ ಇರಲಿಲ್ಲ.

ಐದು ದಿನ ಕಳೆದು, ಜುಲೈ 1ರಂದು ಇಪ್ಪತ್ತು ಅಂಶಗಳ ಕಾರ್ಯಕ್ರಮ ಘೋಷಣೆಯಾಯಿತು. ಭೂಮಿತಿ ಜಾರಿ, ಮನೆ ಕಟ್ಟಲು ನಿವೇಶನ, ಜೀತ ರದ್ದು, ಬಡವರ ಸಾಲ ವಸೂಲಿಗೆ ತಡೆ. ಈ ಮಾತುಗಳು ನಮಗೆ ಅರ್ಥವಾದವು. ಇವು ನಮ್ಮ ಮನೆಯ ಮಾತುಗಳು.

*

ಮೇಷ್ಟ್ರನ್ನು ಕರೆದುಕೊಂಡು ಹೋದದ್ದು ಆ ವರ್ಷ ಸುಗ್ಗಿಯ ಹೊತ್ತಿಗೆ. ಯಾವುದೋ ಕರಪತ್ರ ಹಂಚಿದ್ದಾರೆ ಎಂಬುದು ಕಾರಣ. ನಾವು ಕ್ಲಾಸಿನಲ್ಲಿದ್ದೆವು. ಪಾಠ ಅರ್ಧದಲ್ಲಿತ್ತು. ಬಾಗಿಲಲ್ಲಿ ಇಬ್ಬರು ಪೊಲೀಸರು ಕಂಡರು. ಮೇಷ್ಟ್ರು ಕೈಯ ಸೀಮೆಸುಣ್ಣವನ್ನು ಮೇಜಿನ ಮೇಲೆ ಉರುಳದಂತೆ ಒಂದು ಪುಸ್ತಕಕ್ಕೆ ಒತ್ತರಿಸಿ ಇಟ್ಟು, "ಓದ್ಕೊಳ್ತಾ ಇರಿ" ಎಂದು ಹೇಳಿ ಹೊರಟರು. ವಿಚಾರಣೆಯಿಲ್ಲದೆ ಒಳಗಿಡುವ ಮೀಸಾ ಕಾಯ್ದೆಗೆ ಜಾಮೀನಿರಲಿಲ್ಲ, ಎಲ್ಲಿಟ್ಟಿದ್ದಾರೆ ಎಂದು ಎಷ್ಟೋ ದಿನ ತಿಳಿಯಲಿಲ್ಲ. ಕೊನೆಗೆ ಬಳ್ಳಾರಿ ಜೈಲು ಎಂದು ಗೊತ್ತಾಯಿತು.

ಒಂದು ರಾತ್ರಿ ಅವರ ಹೆಂಡತಿ ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಬಂದರು. ಸೆರಗಿನಲ್ಲಿ ತಲೆ ಮುಚ್ಚಿಕೊಂಡಿದ್ದರು. ಸಂಬಳ ನಿಂತಿತ್ತು. ಬಳ್ಳಾರಿಗೆ ಹೋಗಿ ಗಂಡನನ್ನು ನೋಡಬೇಕು, ಜೊತೆಗೆ ಒಬ್ಬರು ಗಂಡಸರು ಬೇಕು ಅಂದರು. "ನೀವು ಬರ್ತೀರಾ ಅಣ್ಣ?" ಎಂದು ಕೇಳಿದರು.

ಅಪ್ಪ ಒಳಗೆ ಹೋಗಿ ಎರಡು ಕೊಳಗ ಅಕ್ಕಿ ತುಂಬಿಸಿ ತಂದು ಅವರ ಮುಂದಿಟ್ಟ. ಅಕ್ಕಿ ಚೀಲದ ಬಾಯಿ ಕಟ್ಟುತ್ತಾ, ಅವರ ಮುಖ ನೋಡದೆ ಹೇಳಿದ: "ಅಮ್ಮಾ, ನಂದು ಮಂಡಳೀಲಿ ಕೇಸು ಬಾಕಿ ಅದೆ. ನಾನು ಅಲ್ಲಿಗೆ ಬಂದದ್ದು ಯಾರಾದರೂ ಬರೆದುಕೊಂಡ್ರೆ ಎಂತ ಮಾಡಲಿ? ಅಕ್ಕಿ ಮುಗಿದರೆ ಮತ್ತೆ ಬನ್ನಿ. ಹಗಲು ಹೊತ್ತು ಮಾತ್ರ ಬರಬೇಡಿ."

ಅವರು ಏನೂ ಹೇಳಲಿಲ್ಲ. ಚೀಲ ಸೊಂಟಕ್ಕೆ ಇಟ್ಟುಕೊಂಡು ಕತ್ತಲಲ್ಲಿ ಹೋದರು. ಅಪ್ಪ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಅವ್ವ ಕೇಳಿದಾಗ ಸಿಟ್ಟಿನಿಂದ ಅಂದ: "ಮೇಷ್ಟ್ರಿಗೆ ಎಂತಕ್ಕೆ ಬೇಕಿತ್ತು ಇದೆಲ್ಲ? ಬಡವರ ಪರ ಇರುವ ಸರ್ಕಾರವನ್ನೇ ಯಾಕೆ ಎದುರು ಹಾಕ್ಕೊಂಡ್ರು?"

ಆ ಸಿಟ್ಟನ್ನು ನಾನು ಈಗ ಗುರುತಿಸಬಲ್ಲೆ. ತನ್ನ ಋಣದ ಮನುಷ್ಯನಿಗೆ ಕಷ್ಟ ಬಂದಾಗ ಜೊತೆ ನಿಲ್ಲಲಾಗದ ಸಂಕಟ ಅದು. ಆ ಸಂಕಟವನ್ನು ಎದೆಯಲ್ಲಿ ಇಟ್ಟುಕೊಂಡು ದಿನ ತಳ್ಳಲಾಗದು. ಮೇಷ್ಟ್ರದೇ ತಪ್ಪು ಎಂದುಕೊಂಡರೆ ನಿದ್ದೆ ಬರುತ್ತದೆ. ಹೆದರಿಕೆ ನಂಬಿಕೆಯಾಗಿ ಬದಲಾಗುವುದು ಹೀಗೆ. ಹೆದರಿ ಸುಮ್ಮನಿದ್ದೆ ಎಂದು ಒಪ್ಪಿಕೊಳ್ಳುವುದಕ್ಕಿಂತ, ಆಳುವವರು ಸರಿಯಾಗಿಯೇ ಮಾಡಿದ್ದಾರೆ ಎಂದು ನಂಬುವುದು ಮನಸ್ಸಿಗೆ ಹಗುರ.

*

1976ರಲ್ಲಿ ನಮ್ಮ ಕೇಸು ಮಂಡಳಿಯ ಮುಂದೆ ಬಂತು. ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ತಾಲ್ಲೂಕು ಕಚೇರಿಯ ಒಂದು ಉದ್ದನೆಯ ಕೋಣೆ. ನಡುವೆ ಅಸಿಸ್ಟೆಂಟ್ ಕಮಿಷನರು, ಅಕ್ಕಪಕ್ಕದಲ್ಲಿ ಸರ್ಕಾರ ನೇಮಿಸಿದ ಸದಸ್ಯರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ, ಕಾಯ್ದೆಯೇ ಹಾಗಿತ್ತು. ಹೀಗಾಗಿ ದುಡ್ಡಿದ್ದವರೂ ಇಲ್ಲದವರೂ ತಮ್ಮ ತಮ್ಮ ಬಾಯಿಂದಲೇ ಹೇಳಬೇಕಿತ್ತು. ಎದುರಿಗೆ ಒಂದು ಬೆಂಚು. ಒಡೆಯರು ಅದರ ಮೇಲೆ ಕೂತಿದ್ದರು. ಅಪ್ಪ ಗೋಡೆಗೆ ತಾಗಿ ನಿಂತ.

"ನೀವೂ ಕೂತ್ಕೊಳ್ಳಿ" ಅಂದರು ಅಧಿಕಾರಿ.

ಅಪ್ಪ ನಿಂತೇ ಇದ್ದ. ಅವರು ಎರಡನೇ ಸಲ ಹೇಳಿದರು. ಅಪ್ಪ ಬೆಂಚಿನ ತುದಿಗೆ, ಅರ್ಧ ಮಾತ್ರ ಊರಿ ಕೂತ. ಆ ಬೆಂಚು ಮೂರು ಮೊಳ ಇದ್ದಿರಬಹುದು. ನಡುವೆ ಒಂದು ಮೊಳ ಜಾಗ ಬಿಟ್ಟು, ತನಗೆ ಹೊಡೆದ ಮತ್ತು ತುಪ್ಪ ಕಳಿಸಿದ ಮನುಷ್ಯನ ಪಕ್ಕದಲ್ಲಿ ನನ್ನ ಅಪ್ಪ ಕೂತಿದ್ದ. ಪಂಚೆ ಕಂಕುಳಲ್ಲಿ ಇರಲಿಲ್ಲ, ತೊಡೆಯ ಮೇಲಿತ್ತು. ಗೇಣಿ ಎಷ್ಟು, ಯಾವಾಗಿನಿಂದ, ಸಾಕ್ಷಿ ಯಾರು ಎಂದೆಲ್ಲ ಕೇಳಿದರು. ಅಪ್ಪ ಸಣ್ಣ ದನಿಯಲ್ಲಿ ಹೇಳಿದ. ಒಡೆಯರು ಅಲ್ಲಗಳೆಯಲಿಲ್ಲ. ಎರಡು ಎಕರೆ ಚಿಲ್ಲರೆ ಗದ್ದೆ ನಮ್ಮದಾಯಿತು.

ಬಸ್ಸಿನಲ್ಲಿ ಮರಳುವಾಗ ಅಪ್ಪ ಗದ್ದೆಯ ಮಾತೇ ಆಡಲಿಲ್ಲ. "ಕೂತ್ಕೊಳ್ಳಿ ಅಂದ್ರು ಕಾಣು" ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದ.

ಅದೇ ವರ್ಷ ಋಣ ಪರಿಹಾರದ ಕಾಯ್ದೆ ಬಂತು. ಅಕ್ಕನ ಮದುವೆಗೆ ಅಡವಿಟ್ಟಿದ್ದ ಅವ್ವನ ಬೆಂಡೋಲೆ ಸಾಹುಕಾರರ ತಿಜೋರಿಯಿಂದ ಮರಳಿ ಬಂತು. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳಲು ಹೋದಾಗ ತೂತು ಮುಚ್ಚಿಹೋಗಿತ್ತು. ಬೇವಿನ ಕಡ್ಡಿ ಚುಚ್ಚಿ ಮತ್ತೆ ತೆರೆದಳು. ನೋವಿಗೆ ಕಣ್ಣಲ್ಲಿ ನೀರು ಬಂದರೂ ನಗುತ್ತಿದ್ದಳು. ಪಟಕ್ಕೆ ಗಾಜು ಹಾಕಿಸಿದ್ದು ಆ ತಿಂಗಳೇ.

ಆ ಬೇಸಿಗೆಯಲ್ಲಿ, ಮಳೆಗೆ ಮೊದಲು, ಅಪ್ಪ ಮೊದಲ ಬಾರಿಗೆ ಏಣಿ ಇಟ್ಟು ಮಾಡು ಹತ್ತಿದ. ಕತ್ತಿಯ ಹಿಡಿಯಿಂದ ಒಂದೊಂದೇ ಜಂತೆಯನ್ನು ಬಡಿದು, ಕಿವಿಗೊಟ್ಟು ಕೇಳಿ, ಟೊಳ್ಳು ಸದ್ದು ಬಂದದ್ದಕ್ಕೆ ಸುಣ್ಣದ ಗೆರೆ ಹಾಕಿದ. ಅವನ್ನು ಇಳಿಸಿ ಹೊಸದು ಏರಿಸಿದ. ಮುಂದೆ ಪ್ರತಿ ವರ್ಷವೂ ಮೇ ತಿಂಗಳಲ್ಲಿ ಅದು ಅವನ ತಪ್ಪದ ಕೆಲಸವಾಯಿತು.

*

ಗದ್ದೆಯ ಆಚೆಗೊಂದು ಕೇರಿ. ಅಲ್ಲಿನವರು ಕೂಲಿಯಾಳುಗಳು. ಅವರಿಗೆ ಗೇಣಿ ಇರಲಿಲ್ಲ, ಆದ್ದರಿಂದ 7ನೇ ನಂಬರಿನ ಫಾರಂ ಕೂಡ ಇರಲಿಲ್ಲ. ಆ ಕಾಯ್ದೆ ಒಕ್ಕಲಿನ ಕೈಗೆ ಗದ್ದೆ ಕೊಟ್ಟಿತು, ಒಕ್ಕಲಿನ ಗದ್ದೆಯಲ್ಲಿ ನಾಟಿ ಮಾಡುವವರ ಕೈಗೆ ಹೆಚ್ಚೇನೂ ಕೊಡಲಿಲ್ಲ. ಆ ಕೇರಿಯ ಒಬ್ಬ ಯುವಕ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ. ಒಂದೇ ಹೆಣ್ಣು ಮಗು ಅವನಿಗೆ. ಕುಟುಂಬ ಯೋಜನೆಗೆ ಇಷ್ಟು ಕೇಸು ತರಬೇಕು ಎಂದು ನೌಕರರ ಮೇಲೆ ಒತ್ತಡವಿದ್ದ ಕಾಲ. ದೇಶದಲ್ಲಿ ಆ ಒಂದು ವರ್ಷದಲ್ಲಿ ಆದ ಸಂತಾನಹರಣ ಶಸ್ತ್ರಚಿಕಿತ್ಸೆಗಳು 80 ಲಕ್ಷಕ್ಕೂ ಮೇಲೆ. ಉತ್ತರದಲ್ಲಿ ನಡೆದಂಥ ದಬ್ಬಾಳಿಕೆ ನಮ್ಮ ಕಡೆ ಇರಲಿಲ್ಲ ನಿಜ. ಆದರೂ ಅವನನ್ನು ಸಂತೆಯಿಂದ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ನಿವೇಶನದ ಚೀಟಿ ಸಿಗುತ್ತದೆ ಎಂದು ಹೇಳಿದ್ದರಂತೆ. ಮರುವರ್ಷ ಜ್ವರ ಬಂದು ಮಗು ತೀರಿಕೊಂಡಿತು.

ಅವನು ನಮ್ಮ ಅಂಗಳದಲ್ಲಿ ಕೂತು ಅತ್ತ. ಅಪ್ಪ ಎಲೆ ಅಡಿಕೆ ಕೊಟ್ಟ, ಬೆನ್ನು ಸವರಿದ. ಅವನು ಎದ್ದು ಹೋದ ಮೇಲೆ ಅಪ್ಪ ಅಂದ: "ನಾಲ್ಕು ಜನಕ್ಕೆ ಒಳ್ಳೇದಾಗುವಾಗ ಒಬ್ಬರಿಗೆ ಹೀಗೂ ಆಗ್ತದೆ."

ಆಗ ನನಗೆ ಹದಿನಾಲ್ಕು ಹದಿನೈದು. ಆ ಮಾತು ನನಗೆ ತಪ್ಪು ಅನಿಸಲೂ ಇಲ್ಲ. ಇಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ನನ್ನ ಅಪ್ಪ ನಿರ್ದಯಿಯಲ್ಲ, ದನದ ಕಾಲಿಗೆ ಮುಳ್ಳು ಚುಚ್ಚಿದರೆ ಕೂತು ತೆಗೆಯುವವನು. ಆದರೆ ಸಿಕ್ಕಿದ್ದು ನಮ್ಮ ಅಂಗಳಕ್ಕೆ, ಕಳೆದದ್ದು ಗದ್ದೆಯಾಚೆಯ ಅಂಗಳದಲ್ಲಿ. ನಡುವೆ ಇದ್ದದ್ದು ಒಂದು ಕೂಗಳತೆ ಮಾತ್ರ. ಆ ಕೂಗು ನಮಗೆ ಕೇಳಿಸುತ್ತಿತ್ತು. ನಮ್ಮ ಸುಖದ ಲೆಕ್ಕದಲ್ಲಿ ಅದನ್ನು ಕಳೆಯಲು ನಾವು ಒಪ್ಪಲಿಲ್ಲ, ಅಷ್ಟೇ. ಸರ್ವಾಧಿಕಾರಕ್ಕೆ ದುಷ್ಟರ ಬೆಂಬಲ ಅಷ್ಟು ಮುಖ್ಯವಲ್ಲ. ಒಳ್ಳೆಯವರು ಬೇರೆಯವರ ಅಂಗಳದ ನೋವನ್ನು 'ಹೀಗೂ ಆಗ್ತದೆ' ಎಂದು ಬದಿಗಿಟ್ಟರೆ ಅದಕ್ಕೆ ಸಾಕು.

*

1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಕ್ಷೇತ್ರಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲೇ ಸೋತರು. ಕರ್ನಾಟಕದಲ್ಲಿ 28ರಲ್ಲಿ 26 ಕಾಂಗ್ರೆಸ್ಸಿಗೆ. ಅಪ್ಪ, ಅವ್ವ ಇಬ್ಬರೂ ಕಾಂಗ್ರೆಸ್ಸಿನ ಗುರುತಾದ ಹಸು-ಕರುವಿಗೇ ಒತ್ತಿ ಬಂದಿದ್ದರು. ದಕ್ಷಿಣದವರಿಗೆ ಪ್ರಜಾಪ್ರಭುತ್ವದ ಬೆಲೆ ಗೊತ್ತಿಲ್ಲ ಎಂದು ಆಮೇಲೆ ಕೆಲವರು ಬರೆದದ್ದನ್ನು ಓದಿದ್ದೇನೆ. ಉತ್ತರದ ಹಳ್ಳಿಯವನೂ ನನ್ನ ಅಪ್ಪನೂ ಮತ ಹಾಕಿದ್ದು ಒಂದೇ ಕಾರಣಕ್ಕೆ: ತನ್ನ ಬಾಗಿಲಿಗೆ ಬಂದದ್ದು ಏನು ಎಂದು ನೋಡಿ. ಅಲ್ಲಿ ಜೀಪು ಬಂದಿತ್ತು, ಬುಲ್ಡೋಜರು ಬಂದಿತ್ತು. ಇಲ್ಲಿ ಹಕ್ಕುಪತ್ರ ಬಂದಿತ್ತು. ಅಲ್ಲಿನ ಸುದ್ದಿ ಇಲ್ಲಿಗೆ ಬಾರದಂತೆ ಪತ್ರಿಕೆಗಳ ಬಾಯಿ ಕಟ್ಟಿತ್ತು. ಸುದ್ದಿ ಬಾರದಿದ್ದರೆ ಊರು ಶಾಂತವಾಗಿದೆ ಎಂದೇ ಅನಿಸುತ್ತದೆ.

ಮೇಷ್ಟ್ರು ಬಿಡುಗಡೆಯಾಗಿ ಬಂದರು. ಅಪ್ಪ ಹೊಸ ಅಕ್ಕಿ, ಒಂದು ಗೊನೆ ಬಾಳೆಹಣ್ಣು ಹೊರಿಸಿಕೊಂಡು ನನ್ನೊಂದಿಗೆ ಹೋದ. ಹಗಲು ಹೊತ್ತಿನಲ್ಲೇ ಹೋದ. ಮೇಷ್ಟ್ರು ಸೊರಗಿದ್ದರು, ಗಡ್ಡ ಬೆಳ್ಳಗಾಗಿತ್ತು. ಅಪ್ಪನಿಗೆ ಮಾತು ಹೊರಡಲಿಲ್ಲ. ಅವರೇ ಕೇಳಿದರು: "ಗದ್ದೆ ಆಯ್ತಾ?"

"ಆಯ್ತು ಮೇಷ್ಟ್ರೇ. ಇಂದಿರಮ್ಮನ ದಯೆ" ಅಂದ ಅಪ್ಪ.

ಮೇಷ್ಟ್ರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: "ನಿಮ್ಮ ಅಪ್ಪ ಜೈಲಿಗೆ ಹೋಗಿದ್ದು ಇದಕ್ಕೇ ಅಲ್ವಾ?" ಒಳಗಿನಿಂದ ಅವರ ಹೆಂಡತಿ ಕಾಫಿ ತಂದು ಮೊದಲ ಲೋಟ ಅಪ್ಪನ ಕೈಗೆ ಕೊಟ್ಟರು. ಅಪ್ಪನ ಕೈ ಅಂದು ಹೆಬ್ಬೆಟ್ಟು ಒತ್ತುವಾಗ ನಡುಗಿದಂತೆಯೇ ನಡುಗಿತು.

ಅಕ್ಕನನ್ನು ಕೊಪ್ಪದ ಕಡೆ ಕೊಟ್ಟಿದ್ದೆವು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ ನಡೆದಾಗ ನಾನು ಅಲ್ಲಿದ್ದೆ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರದಲ್ಲಿ ಇಂದಿರಾ ಗಾಂಧಿ ನಿಂತಿದ್ದರು, ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ರಸ್ತೆ ಬದಿಯಲ್ಲಿ ಕಾಫಿ ತೋಟದ ಹೆಂಗಸರು ಕೆಲಸ ಬಿಟ್ಟು ಸಾಲಾಗಿ ನಿಂತಿದ್ದರು. ಕಾರು ನಿಧಾನವಾಯಿತು. ಒಂದು ಕೈ ಹೊರಗೆ ಬಂತು. ಸಣ್ಣ, ಬೆಳ್ಳನೆಯ, ನರ ಎದ್ದ ಕೈ. ಅಕ್ಕನ ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಜೈಲು, ಸೆನ್ಸಾರು ಎಂದು ನಾನು ಏನೋ ಹೇಳಲು ಹೋದೆ. ಆ ಮುದುಕಿ ನನ್ನ ಬಾಯಿ ಮುಚ್ಚಿಸಿದರು: "ಅವರು ಸೋತು ನಮ್ಮ ಮನೆಗೆ ಬಂದವರು. ಬಂದವರನ್ನ ಬರಿಗೈಲಿ ಕಳಿಸ್ಲಿಕ್ಕೆ ಆಗ್ತದಾ?" 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಅವರು ಗೆದ್ದರು.

*

ಮುಂದೆ ನೌಕರಿಗೆಂದು ಬೆಂಗಳೂರಿಗೆ ಬಂದಾಗ ಬೇರೆ ಬಗೆಯ ಬೆಂಬಲಿಗರನ್ನು ಕಂಡೆ. ಅವರಿಗೆ ಗದ್ದೆಯೂ ಬಂದಿರಲಿಲ್ಲ, ಬೆಂಡೋಲೆಯೂ ಬಂದಿರಲಿಲ್ಲ. "ಆಗ ಹತ್ತು ಗಂಟೆಗೆ ಎಲ್ಲರೂ ಸೀಟಿನಲ್ಲಿ ಇರುತ್ತಿದ್ದರು, ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮುಷ್ಕರ ಇರಲಿಲ್ಲ" ಎಂದು ಹಿರಿಯ ಸಹೋದ್ಯೋಗಿಗಳು ಆಸೆಯಿಂದ ನೆನೆಯುತ್ತಿದ್ದರು. ಅವರ ಮೇಲೆ ನನಗೆ ಕನಿಕರ ಹುಟ್ಟಲಿಲ್ಲ. ಅಪ್ಪ ಹಸಿವಿನ ಜಾಗದಿಂದ ಮಾತಾಡುತ್ತಿದ್ದ. ಇವರು ಅನುಕೂಲದ ಜಾಗದಿಂದ ಮಾತಾಡುತ್ತಿದ್ದರು. ಬೇರೆಯವರ ಗದ್ದಲ ಅಡಗಿದರೆ ಸಾಕು, ಹೇಗೆ ಅಡಗಿತು ಎಂದು ಕೇಳುವುದು ಅವರಿಗೆ ಬೇಕಿರಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಫ್ರೀಡಂ ಪಾರ್ಕಿಗೆ ಹೋದೆ. ಹಿಂದೆ ಸೆಂಟ್ರಲ್ ಜೈಲು ಇದ್ದ ಜಾಗ. 1975ರ ಜೂನ್ 26ರಂದು ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಬಂಧಿಸಿ ಇಟ್ಟದ್ದು ಇಲ್ಲಿ. 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿಯವರು ಆಸ್ತಮಾದಿಂದ ಉಸಿರಿಗಾಗಿ ಒದ್ದಾಡಿದ್ದೂ ಇಲ್ಲೇ. ಅವರನ್ನು ಪೆರೋಲಿನ ಮೇಲೆ ಬಿಟ್ಟದ್ದು 1977ರ ಜನವರಿಯಲ್ಲಿ. ಅದೇ ತಿಂಗಳು 20ರಂದು ತೀರಿಕೊಂಡರು. ಉಳಿಸಿಕೊಂಡ ಒಂದು ಬ್ಯಾರಕ್ಕಿನ ಗೋಡೆಗೆ ಕೈ ಇಟ್ಟು ನಿಂತೆ. ಒಳ್ಳೆಯ ಬಿಸಿಲಿನಲ್ಲೂ ಗೋಡೆ ತಣ್ಣಗಿತ್ತು. ನಮ್ಮ ಜಗಲಿಯಲ್ಲಿ ಅವ್ವ ಬೇವಿನ ಕಡ್ಡಿ ಚುಚ್ಚಿಕೊಂಡು ನಕ್ಕದ್ದು ಮತ್ತು ಈ ಗೋಡೆಯ ಒಳಗೆ ಒಬ್ಬ ಹೆಣ್ಣುಮಗಳ ಉಸಿರು ಕಟ್ಟಿದ್ದು ಒಂದೇ ವರ್ಷ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ಯಾವ ಮಾತೂ ನನಗೆ ಇನ್ನು ಬೇಡ ಅನಿಸಿತು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅಂಬೇಡ್ಕರರು ಕೊಟ್ಟ ಎಚ್ಚರಿಕೆಗಳಲ್ಲಿ ಎರಡು ಇಲ್ಲಿ ಮುಖ್ಯ. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂಬುದು ಒಂದು. ಮತದಲ್ಲಿ ಸಮಾನತೆ ಕೊಟ್ಟು ಬದುಕಿನಲ್ಲಿ ಅಸಮಾನತೆ ಉಳಿಸಿಕೊಂಡರೆ ಈ ಕಟ್ಟಡವೇ ಉಳಿಯಲಾರದು ಎಂಬುದು ಇನ್ನೊಂದು. ನಾವು ಮೊದಲನೆಯದನ್ನು ಅಪ್ಪನಂಥವರಿಗೆ ಉಪದೇಶ ಮಾಡುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಇಪ್ಪತ್ತೈದು ವರ್ಷ ಸ್ವಾತಂತ್ರ್ಯವನ್ನು ಮೆಟ್ಟಿಲ ಮೇಲೇ ಇಟ್ಟುಕೊಂಡು, ಕೆಳಗೆ ನಿಂತವನು ಅದಕ್ಕಾಗಿ ಪ್ರಾಣ ಬಿಡಲಿಲ್ಲವೇಕೆ ಎಂದು ಕೇಳುವುದು ನ್ಯಾಯವಲ್ಲ.

ಆದರೆ ಅಪ್ಪನ ಲೆಕ್ಕದಲ್ಲೂ ಒಂದು ತಪ್ಪಿತ್ತು. ಗದ್ದೆ ಕೊಟ್ಟ ಕಾಯ್ದೆ ತುರ್ತು ಪರಿಸ್ಥಿತಿಗಿಂತ ಒಂದು ವರ್ಷ ಮೊದಲೇ ಜಾರಿಗೆ ಬಂದಿತ್ತು. ಬಾಯಿ ಬಿಟ್ಟು ಮಾತಾಡಬಹುದಾಗಿದ್ದ ಕಾಲದಲ್ಲಿ, ಶಾಸನಸಭೆಯಲ್ಲಿ ಚರ್ಚೆಯಾಗಿ ಬಂದ ಕಾಯ್ದೆ ಅದು. ಅದರ ಹಿಂದೆ ಕಾಗೋಡಿನ ಗದ್ದೆಗೆ ಇಳಿದವರ ಕೂಗು ಇತ್ತು, ಅಜ್ಜನ ಹದಿನೈದು ದಿನವಿತ್ತು. ಅಂದು ಕೂಗಿದ ಸಮಾಜವಾದಿಗಳ ಬಳಗದವರೇ 1975ರಲ್ಲಿ ಜೈಲಿನಲ್ಲಿದ್ದರು. ಗದ್ದೆಗಾಗಿ ಹೋರಾಡಿದವರು ಒಳಗೆ, ಗದ್ದೆ ಪಡೆದವರು ಹೊರಗೆ ಪಟಕ್ಕೆ ಹೂ ಏರಿಸುತ್ತಾ. ಹಕ್ಕಾಗಿ ಬಂದದ್ದನ್ನು ನಾವು ದಯೆ ಎಂದು ತೆಗೆದುಕೊಂಡೆವು. ದಯೆ ಎಂದು ತೆಗೆದುಕೊಂಡ ಮೇಲೆ ಋಣ ಹುಟ್ಟಿತು, ಋಣ ಹುಟ್ಟಿದ ಮೇಲೆ ಬಾಯಿ ಕಟ್ಟಿತು.

ಅಪ್ಪ ತೀರಿಕೊಂಡದ್ದು 1999ರ ಮಳೆಗಾಲದಲ್ಲಿ. ಆ ಮೇ ತಿಂಗಳು ನಾನು ಊರಿಗೆ ಹೋಗಿದ್ದೆ. ಅವನಿಗೆ ಏಣಿ ಹತ್ತಲು ಆಗುತ್ತಿರಲಿಲ್ಲ. ಕೆಳಗೆ ಕುರ್ಚಿಯಲ್ಲಿ ಕೂತು ನನ್ನನ್ನು ಹತ್ತಿಸಿದ. ನಾನು ಕತ್ತಿಯ ಹಿಡಿಯಿಂದ ಬಡಿಯುತ್ತಾ ಹೋದೆ. "ಅದಲ್ಲ, ಅದರ ಪಕ್ಕದ್ದು. ಮತ್ತೊಮ್ಮೆ ಬಡಿ" ಎಂದು ಕೆಳಗಿನಿಂದ ಹೇಳುತ್ತಿದ್ದ. ಪಟ ಇನ್ನೂ ಅದೇ ಗೋಡೆಯ ಮೇಲಿತ್ತು, ಗಾಜಿನ ಒಳಗೆ ತೇವ ಹಿಡಿದು ಬಣ್ಣ ಮಾಸಿತ್ತು. ಒಂದು, ಎರಡು, ಮೂರು ಎಂದು ನಾನು ಜೋರಾಗಿ ಎಣಿಸುತ್ತಾ ಮಾಡಿನ ಆ ತುದಿ ತಲುಪಿದೆ. ಇಪ್ಪತ್ತೆರಡು ಜಂತೆ. ಎರಡು ಟೊಳ್ಳಾಗಿದ್ದವು.

ಆ ಗಾದೆ ನೆಂಟರಿಗೆ ಹೇಳಿದ್ದು ಎಂದು ನನಗೆ ಹೊಳೆದದ್ದು ಅಂದು, ಆ ಏಣಿಯ ಮೇಲೆ. ಊಟಕ್ಕೆ ಬಂದವನು ಜಂತೆ ಎಣಿಸಬಾರದು. ಮನೆಯವನು ಎಣಿಸಲೇಬೇಕು, ಮಳೆಗೆ ಮೊದಲೇ ಎಣಿಸಬೇಕು. ಇದನ್ನು ಅಪ್ಪ ನನಗಿಂತ ಚೆನ್ನಾಗಿ ಬಲ್ಲ, ತನ್ನದೆಂದು ತಿಳಿದ ಮಾಡಿನ ಮಟ್ಟಿಗೆ. ದೇಶವೂ ತನ್ನದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಅವನು ಕೊನೆಯವರೆಗೂ ಮೆಟ್ಟಿಲ ಕೆಳಗೆ ನಿಂತ ಒಕ್ಕಲು.

ಅದನ್ನು ಕೆಳಗಿಳಿದು ಹೇಳಬೇಕೆಂದುಕೊಂಡೆ. ಇಳಿದಾಗ ಅಪ್ಪ ಸುಣ್ಣದ ಉಂಡೆ ಹಿಡಿದು ಕೈ ಚಾಚಿದ್ದ. "ಯಾವೆರಡು ಅಂತ ಗೆರೆ ಹಾಕಿದ್ಯಾ?" ಎಂದು ಕೇಳಿದ. ಹಾಕಿರಲಿಲ್ಲ. ಸುಣ್ಣ ತೆಗೆದುಕೊಂಡು ಮತ್ತೆ ಹತ್ತಿದೆ.